ಆಲ್ಬಿಯನ್‌ನಲ್ಲಿ ಹೊಸಬರಿಗೆ ಯಾವ ಗಿಲ್ಡ್? ಮೂರರಲ್ಲಿ ಇದ್ದು ಬಂದವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಆಲ್ಬಿಯನ್ ಆನ್‌ಲೈನ್ ಆಟದಲ್ಲಿ ನಾನೀಗ ಇರುವುದು ಹನ್ನೊಂದು ಜನರ ಗಿಲ್ಡ್‌ನಲ್ಲಿ, ಅಂದರೆ ಒಟ್ಟಿಗೆ ಆಡುವವರ ಸಂಘದಲ್ಲಿ. ಅದರಲ್ಲಿ ಇಬ್ಬರು ನನ್ನ ಭಾವಂದಿರು, ಒಬ್ಬ ಹೊನ್ನಾವರದ ಕಾಲೇಜು ಹುಡುಗ, ಇನ್ನೊಬ್ಬ ಕಾರವಾರದ ಬಂದರಿನಲ್ಲಿ ಪಾಳಿ ಕೆಲಸ ಮಾಡುವವನು, ಉಳಿದವರು ಅವರಿವರ ಸ್ನೇಹಿತರು. ಆಟದ ನಕಾಶೆಯಲ್ಲಿ ನಾವು ಒಂದು ಗೇಣು ಜಾಗವನ್ನೂ ಗೆದ್ದಿಲ್ಲ, ಗೆಲ್ಲುವ ಲಕ್ಷಣವೂ ಇಲ್ಲ. ಆದರೂ ಇಲ್ಲಿಂದ ಏಳುವ ಮನಸ್ಸಿಲ್ಲ. ಹಾಗಾಗಿ ಮುಂದೆ ಬರೆದದ್ದನ್ನು ಒಂದು ಪಕ್ಷ ಹಿಡಿದವನ ಮಾತು ಅಂತಲೇ ಓದಿಕೊಳ್ಳಿ.

ಆಲ್ಬಿಯನ್ ಆನ್‌ಲೈನ್ ಏನು ಎತ್ತ ಎಂದು ವಿವರಿಸುತ್ತ ಕೂರುವುದಿಲ್ಲ. ಬರ್ಲಿನ್‌ನ ಕಂಪನಿಯೊಂದರ ಆಟ, 2017ರಲ್ಲಿ ಬಂತು, 2019ರಿಂದ ಪುಕ್ಕಟೆ, 2021ರಿಂದ ಮೊಬೈಲಿನಲ್ಲೂ ಪೂರ್ತಿ ಆಡಬಹುದು. ಕಂಪ್ಯೂಟರ್ ಇಲ್ಲದ ನನಗೆ ಈ ಕೊನೆಯದೇ ಮುಖ್ಯ. ಗಿಲ್ಡ್ ವಿಷಯಕ್ಕೆ ತಿಳಿದಿರಬೇಕಾದ್ದು ಇಷ್ಟೆ: ನೀಲಿ, ಹಳದಿ ವಲಯದಲ್ಲಿ ಬಿದ್ದರೆ ಎದ್ದು ಮನೆಗೆ ಬರಬಹುದು, ಕೆಂಪು, ಕಪ್ಪು ವಲಯದಲ್ಲಿ ಸತ್ತರೆ ಮೈಮೇಲಿನ ಬಟ್ಟೆ, ಆಯುಧ, ಚೀಲದ ಸಾಮಾನು ಎಲ್ಲ ಹೋಯಿತು. ಅಂಥ ಜಾಗಕ್ಕೆ ಒಬ್ಬನೇ ಹೋಗಲು ಹೆದರಿಕೆ ಆಗಿಯೇ ಹೊಸಬರು ಗಿಲ್ಡ್ ಹುಡುಕುವುದು. ಒಂದು ಪಾತ್ರಕ್ಕೆ ಒಂದೇ ಗಿಲ್ಡ್.

ಅಪ್ಪಯ್ಯನಿಗೆ ಒಂದು ಸಲ ಇದನ್ನು ತಿಳಿಸಲು ಹೋಗಿ, ಮುಯ್ಯಾಳು ಇದ್ದ ಹಾಗೆ ಅಂದಿದ್ದೆ. ಇವತ್ತು ನಿಮ್ಮ ತೋಟಕ್ಕೆ ನಾವು, ನಾಳೆ ನಮ್ಮ ತೋಟಕ್ಕೆ ನೀವು. ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತ, “ಹಂಗಾರೆ ಲೆಕ್ಕ ಯಾರು ಇಡ್ತ?” ಅಂದರು. ಆವಾಗ ನಗು ಬಂತು. ಮೂರು ಗಿಲ್ಡ್ ನೋಡಿದ ಮೇಲೆ, ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು ಅನಿಸುತ್ತದೆ.

ದೊಡ್ಡದರಿಂದ ಶುರು ಮಾಡುತ್ತೇನೆ. ಒಂದು ಗಿಲ್ಡ್‌ನಲ್ಲಿ ಹೆಚ್ಚೆಂದರೆ 300 ಜನ ಇರಬಹುದು. ಇದು ತುಂಬಿ ತುಳುಕುತ್ತಿತ್ತು. ಯೂರೋಪ್ ಸರ್ವರ್. ಯಾರದೋ ವಿಡಿಯೋ ನೋಡಿ ಅಲ್ಲಿ ಪಾತ್ರ ಮಾಡಿದ್ದೆ. ನಮ್ಮ ಮನೆಯಿಂದ ಅಲ್ಲಿಗೆ ಪಿಂಗ್, ಅಂದರೆ ಸಂಕೇತ ಹೋಗಿ ಬರುವ ಸಮಯ, 180 ಮಿಲಿಸೆಕೆಂಡಿನ ಮೇಲೆ, ಏಷ್ಯಾ ಸರ್ವರಿಗೆ ಅದರ ಅರ್ಧ. ಇದು ಗೊತ್ತಾಗುವ ಹೊತ್ತಿಗೆ ಎರಡು ತಿಂಗಳು ಆಡಿಯಾಗಿತ್ತು, ಒಂದು ಸರ್ವರಿನ ಪಾತ್ರವನ್ನು ಇನ್ನೊಂದಕ್ಕೆ ಸಾಗಿಸಲು ಬರುವುದಿಲ್ಲ. ಗಿಲ್ಡ್ ಆರಿಸುವ ಮೊದಲು ಸರ್ವರ್ ಆರಿಸಿ, ಈ ಬರಹದಲ್ಲಿ ಬೇರೇನೂ ನೆನಪಿರದಿದ್ದರೂ ಇದಿರಲಿ.

ಸೇರುವುದು ಕಷ್ಟ ಆಗಲಿಲ್ಲ. ಹೀಲರ್ (ಜೊತೆಗಾರರ ಗಾಯ ಮಾಯಿಸುವವನು) ಆಗಿ ಆಡುತ್ತೇನೆ ಅಂದದ್ದೇ ತಡ, ಒಳಗೆ ಎಳೆದುಕೊಂಡರು. ಹೀಲರ್‌ನ ಕೋಲು, ಹೋಲಿ ಸ್ಟಾಫ್, ಹಿಡಿದವನಿಗೆ ಎಲ್ಲ ಕಡೆ ಮಣೆ ಹಾಕುತ್ತಾರೆ, ಮದುವೆಮನೆಯಲ್ಲಿ ಬಡಿಸಲು ನಿಲ್ಲುವವನಿಗೆ ಇರುವ ಹಾಗೆ. ಕೊಡಲಿ ಬೀಸುವವರು ಎಷ್ಟು ಬೇಕಾದರೂ ಸಿಗುತ್ತಾರೆ.

ತೊಂದರೆ ಶುರುವಾದದ್ದು ಗಡಿಯಾರದಿಂದ. ಗಿಲ್ಡ್‌ನ ಕಡ್ಡಾಯ ಯುದ್ಧಗಳನ್ನೆಲ್ಲ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿ ಹಾಕುತ್ತಾರೆ. “18 ಯುಟಿಸಿ” ಅಂದರೆ ಅಲ್ಲಿನವರಿಗೆ ಊಟ ಮುಗಿಸಿ ಕೂರುವ ಸಮಯ. ಐದೂವರೆ ತಾಸು ಸೇರಿಸಿದರೆ ನಮಗೆ ರಾತ್ರಿ ಹನ್ನೊಂದೂವರೆ. ಮುಗಿಯುವಾಗ ಒಂದು, ಒಂದೂವರೆ. ಬೆಳಿಗ್ಗೆ ಆರಕ್ಕೆ ಏಳಲೇಬೇಕಾದ ಮನೆ ನಮ್ಮದು. ಇದನ್ನೂ ಹೇಗೋ ನಿಭಾಯಿಸುತ್ತಿದ್ದೆ, ಮೈಕ್ ಒಂದು ಇಲ್ಲದಿದ್ದರೆ.

ಈ ಮೈಕಿನ ಕತೆ ಸ್ವಲ್ಪ ಉದ್ದ. ನಮ್ಮದು ಶಿರಸಿ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ, ಅಜ್ಜನ ಕಾಲದ ಮನೆ. ನಾನು ಮಲಗುವುದು ಮೆತ್ತಿನ ಮೇಲೆ, ಹಲಗೆಯ ನೆಲ, ಅದರ ಸಂದಿಯಲ್ಲಿ ಕೆಳಗಿನ ಕೋಣೆಯ ದೀಪ ಕಾಣುತ್ತದೆ. ಆ ಕೆಳಗಿನ ಕೋಣೆ ಅಮ್ಮಮ್ಮನದ್ದು. ಗಿಲ್ಡ್‌ನ ನಿಯಮ ಏನೆಂದರೆ ಯುದ್ಧದ ಹೊತ್ತಿನಲ್ಲಿ ಎಲ್ಲರೂ ಡಿಸ್ಕಾರ್ಡ್ ಎಂಬ ಆ್ಯಪಿನ ವಾಯ್ಸ್‌ನಲ್ಲಿ, ಅಂದರೆ ಗುಂಪು ಮಾತುಕತೆಯಲ್ಲಿ, ಇರಬೇಕು. ಬೇರೆಯವರು ಕೇಳಿಸಿಕೊಂಡಿದ್ದರೆ ಸಾಕು, ಹೀಲರ್‌ಗಳು ಮಾತ್ರ ದೊಡ್ಡ ಹೀಲ್ ಖರ್ಚಾದ ಕೂಡಲೇ ಕೂಗಿ ಹೇಳಬೇಕು. ಮೊದಲ ರಾತ್ರಿ ನಾನು ಉತ್ಸಾಹದಲ್ಲಿ ಎರಡು ಸಲ ಕೂಗಿದೆ. ಮೂರನೆಯ ಸಲಕ್ಕೆ ಕೆಳಗಿನಿಂದ, “ಯಾರ ಸಂತಿಗೆ ಜಗಳ ತೆಗ್ದಿದ್ದೆ ತಮಾ, ಈ ಸರೊತ್ತಲ್ಲಿ?”

ಆಮೇಲೆ ಕಂಬಳಿ ಹೊದ್ದು ಪಿಸುಗುಟ್ಟಿದೆ. ಯುದ್ಧ ನಡೆಸುವ ಕಾಲರ್‌ಗೆ ಪಿಸುಮಾತು ಕೇಳಿಸುವುದಿಲ್ಲ, ಅವನು ಇನ್ನೂ ಜೋರಾಗಿ ಕಿರುಚುತ್ತಾನೆ, ಇಯರ್‌ಫೋನಿನಿಂದ ಅದೂ ಹೊರಗೆ ಬರುತ್ತದೆ. ದನದ ಕೊಟ್ಟಿಗೆಯ ಮೇಲಿನ ಹುಲ್ಲಟ್ಟಕ್ಕೆ ಹೋಗಿ ಕೂತು ನೋಡಿದೆ. ಜುಲೈ ತಿಂಗಳ ಮಳೆಗೆ ಹಂಚಿನ ಮೇಲಿನ ಸದ್ದೇ ಮೈಕಿನಲ್ಲಿ ತುಂಬಿ, ಅತ್ತ ಕಡೆಯವ, ಯಾರೋ ಏನೋ ಹುರಿಯುತ್ತಿದ್ದಾರೆ, ಮೈಕ್ ಆರಿಸಿ ಅಂದ. ಆರಿಸಿದೆ. ಅಲ್ಲಿಂದ ಮುಂದೆ ಕೇಳಿಸಿಕೊಳ್ಳುವವನಷ್ಟೇ ಆದೆ. ಅದಕ್ಕೆ ಒಂದು ಎಚ್ಚರಿಕೆಯೂ ಬಂತು.

ಕೊನೆಯ ದಿನ ಮಳೆಗೆ ಎಲ್ಲೋ ಮರ ಬಿದ್ದು ಕರೆಂಟೂ ಹೋಯಿತು, ಫೈಬರೂ ಹೋಯಿತು. ಮೆತ್ತಿನ ಕಿಟಕಿ ಹತ್ತಿರ ಮೊಬೈಲ್ ಸಿಗ್ನಲ್ ಎರಡು ಕಡ್ಡಿ ಬರುತ್ತದೆ, ಅದರಲ್ಲೇ ಹೋದೆ. ನನ್ನ ಫೋನಿನಲ್ಲಿ ಆಟ ಮತ್ತು ವಾಯ್ಸ್ ಎರಡನ್ನೂ ಒಟ್ಟಿಗೆ ಓಡಿಸಿದರೆ ಹತ್ತು ನಿಮಿಷಕ್ಕೆ ಕಾವಲಿ ಆಗಿ ಆಟ ಮುಚ್ಚಿಕೊಳ್ಳುತ್ತದೆ. ವಾಯ್ಸ್ ಬಿಟ್ಟೆ. ಕಾಲರ್ ಹಿಂದೆ ಸರಿಯಿರಿ ಅಂದದ್ದು ನನಗೆ ಕೇಳಲಿಲ್ಲ, ಎಲ್ಲರೂ ಸರಿದರು, ನಾನೊಬ್ಬ ಮುಂದೆ ಉಳಿದೆ. ಆರನೇ ಟಿಯರ್‌ನ (ದರ್ಜೆಯ) ಪೂರ್ತಿ ಸೆಟ್ಟು, ಐದು ವಾರ ಕೂಡಿಟ್ಟ ಸಿಲ್ವರ್, ಅಂದರೆ ಆಟದ ದುಡ್ಡು, ಕೊಟ್ಟು ಕೊಂಡದ್ದು, ಅರ್ಧ ನಿಮಿಷದಲ್ಲಿ ಹೋಯಿತು. ಅದೇ ತಿಂಗಳು ಕೈಯಿಂದ ನಿಜವಾದ ದುಡ್ಡು ಹಾಕಿ ಪ್ರೀಮಿಯಂ ಚಂದಾ ಬೇರೆ ತಗೊಂಡಿದ್ದೆ.

ಗಿಲ್ಡ್ ಯುದ್ಧದಲ್ಲಿ ಕಳೆದುಕೊಂಡ ಬಟ್ಟೆ, ಆಯುಧವನ್ನು ಗಿಲ್ಡೇ ಮರಳಿ ಕೊಡುವ ಪದ್ಧತಿಗೆ ರೀಗಿಯರ್ ಅನ್ನುತ್ತಾರೆ. ದೊಡ್ಡ ಗಿಲ್ಡ್‌ಗೆ ಸೇರುವುದೇ ಇದರ ಆಸೆಗೆ. ಸತ್ತದ್ದರ ಚಿತ್ರ ಹಾಕಿ ಅರ್ಜಿ ಕೊಟ್ಟೆ. ಎರಡು ದಿನಕ್ಕೆ ಉತ್ತರ ಬಂತು: ವಾಯ್ಸ್‌ನಲ್ಲಿ ಇರಲಿಲ್ಲ, ಕೊಡಲಾಗದು. ಯಾರು ಎಷ್ಟು ಹೊತ್ತು ವಾಯ್ಸ್‌ನಲ್ಲಿದ್ದರು ಎಂಬುದನ್ನು ಬರೆದಿಡಲು ಅವರಲ್ಲಿ ಒಂದು ಬಾಟ್ ಇತ್ತು. ಅಪ್ಪಯ್ಯನ ಪ್ರಶ್ನೆಗೆ ಉತ್ತರ ಸಿಕ್ಕಿತು. ಲೆಕ್ಕ ಇಡುವುದು ಯಂತ್ರ, ಅದಕ್ಕೆ ಮರ ಬಿದ್ದದ್ದು ಗೊತ್ತಾಗುವುದಿಲ್ಲ. ನಿಯಮ ಮೊದಲೇ ಬರೆದಿಟ್ಟಿದ್ದರು, ನಾನು ಓದಿಯೇ ಸೇರಿದ್ದೆ. ಮುನ್ನೂರು ಜನರ ಮನೆಯ ಮಳೆ ವಿಚಾರಿಸುತ್ತ ಕೂತರೆ ಅವರಿಗೂ ಆಗುವ ಮಾತಲ್ಲ. ಆದರೂ ಹೊಟ್ಟೆ ಉರಿಯಿತು, ಈಗಲೂ ಸ್ವಲ್ಪ ಉರಿಯುತ್ತದೆ.

ಏಷ್ಯಾ ಸರ್ವರಿನಲ್ಲಿ ಮೊದಲಿನಿಂದ ಶುರು ಮಾಡಿ ಅಕಾಡೆಮಿಗೆ ಸೇರಿದೆ. ಅಕಾಡೆಮಿ ಅಂದರೆ ದೊಡ್ಡ ಗಿಲ್ಡ್‌ಗಳು ಹೊಸಬರನ್ನು ಪಳಗಿಸಲು ಇಟ್ಟುಕೊಳ್ಳುವ ಕಿರಿಯ ಗಿಲ್ಡ್. ಇಷ್ಟು ಫೇಮ್ (ಆಡಿದಷ್ಟೂ ಕೂಡುವ ಅನುಭವದ ಅಂಕ) ಆದರೆ ದೊಡ್ಡದಕ್ಕೆ ಬಡ್ತಿ. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಅದನ್ನು ಒಪ್ಪಲೇಬೇಕು. ಸೇರಿದ ದಿನವೇ ನಾಲ್ಕನೇ ಟಿಯರ್‌ನ ಎರಡು ಸೆಟ್ ಪುಕ್ಕಟೆ ಕೊಟ್ಟರು. ಕೌಶಲಗಳ ನಕ್ಷೆಯಾದ ಡೆಸ್ಟಿನಿ ಬೋರ್ಡ್‌ನಲ್ಲಿ ಯಾವ ಕೊಂಬೆ ಮೊದಲು ಹತ್ತಬೇಕು, ಚೀಲ ತುಂಬಿದಾಗ ಯಾವ ದಾರಿಯಲ್ಲಿ ಪೇಟೆಗೆ ಮರಳಬೇಕು, ಕಳೆದುಕೊಂಡರೆ ಅಳು ಬರುವಂಥದ್ದನ್ನು ಹಾಕಿಕೊಂಡು ಕೆಂಪು ವಲಯಕ್ಕೆ ಯಾಕೆ ಹೋಗಬಾರದು, ಎಲ್ಲ ಅಲ್ಲೇ ಕಲಿತದ್ದು. ಮೈಕ್ ಕಡ್ಡಾಯ ಇರಲಿಲ್ಲ.

ಆದರೆ ತೆರಿಗೆ ನೂರಕ್ಕೆ 25. ರಾಕ್ಷಸರನ್ನು ಕೊಂದು ಒಂದು ಲಕ್ಷ ಸಿಲ್ವರ್ ಗಳಿಸಿದರೆ ಇಪ್ಪತ್ತೈದು ಸಾವಿರ ತಾನಾಗಿಯೇ ಗಿಲ್ಡ್ ಖಾತೆಗೆ. ತೆರಿಗೆ ಎಷ್ಟಿರಬೇಕು ಎಂದು ಆಯಾ ಗಿಲ್ಡ್‌ನ ಮುಖಂಡರೇ ಇಡುವುದು; ದೊಡ್ಡದರಲ್ಲಿ 10 ಇತ್ತು, ನಮ್ಮದರಲ್ಲಿ ಈಗ 5. 1923ರಿಂದ ಅಡಿಕೆ ಮಾರಿಕೊಡುವ ತೋಟಗಾರರ ಸೊಸೈಟಿ ಇರುವ ಊರಿನವರಿಗೆ ಕಡಿತ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಹಿಡಿದರು ಅನ್ನುವುದರ ಜೊತೆಗೆ, ಹಿಡಿದದ್ದು ನಮಗೆ ಯಾವ ರೂಪದಲ್ಲಿ ಮರಳುತ್ತದೆ ಅಂತ ಕೇಳುವುದು ನಮಗೆ ಅಭ್ಯಾಸ. ಅಕಾಡೆಮಿಯಲ್ಲಿ ಅದು ಪಾಠದ ರೂಪದಲ್ಲಿ ಮರಳುತ್ತಿತ್ತು. ಮೊದಲ ಎರಡು ತಿಂಗಳು ನ್ಯಾಯ, ಆಮೇಲೆ ಅಲ್ಲ.

ಅಲ್ಲಿಂದ ಹೊರಬಿದ್ದದ್ದು ಅಡಿಕೆಯಿಂದ. ಡಿಸೆಂಬರಿನಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಶುರುವಾಯಿತು. ಹಗಲೆಲ್ಲ ತೋಟ, ಸಂಜೆಯಿಂದ ರಾತ್ರಿ ಹತ್ತರವರೆಗೆ ಮೆಟ್ಟುಗತ್ತಿ ಮುಂದೆ ಸುಲಿಯುತ್ತ ಕೂರುವುದು. ಅಕಾಡೆಮಿಯ ಗುಂಪು ಹೊರಡುವುದು 13 ಯುಟಿಸಿ, ನಮ್ಮ ಸಂಜೆ ಆರೂವರೆ. ಹದಿನೈದು ದಿನ ಆಟ ತೆರೆಯಲಿಲ್ಲ. ತೆರೆದಾಗ ಹೆಸರಿನ ಕೆಳಗೆ ಗಿಲ್ಡ್‌ನ ಗುರುತೇ ಇರಲಿಲ್ಲ, ಹದಿನಾಲ್ಕು ದಿನ ಬಾರದವರನ್ನು ತೆಗೆಯುತ್ತಾರಂತೆ. ಬೇಸರ ಆದದ್ದು ತೆಗೆದದ್ದಕ್ಕಲ್ಲ. ನಾಲ್ಕು ತಿಂಗಳು ದಿನಾ ಒಟ್ಟಿಗೆ ಗುಹೆ ಹೊಕ್ಕವರಲ್ಲಿ ಒಬ್ಬನೂ, ಎಲ್ಲಿ ಹೋದೆ ಅಂತ ಕೇಳಿರಲಿಲ್ಲ. ಇಲ್ಲಿ ಲೆಕ್ಕ ಇಡುವವರೇ ಇಲ್ಲ. ಬರುತ್ತಾರೆ, ಹೋಗುತ್ತಾರೆ, ಬಸ್‌ಸ್ಟ್ಯಾಂಡ್ ಇದ್ದ ಹಾಗೆ.

ಸುಲಿಯುವಾಗಲೇ ಭಾವನ ಹತ್ತಿರ ಈ ಸಂಕಟ ಹೇಳಿಕೊಂಡದ್ದು, ನಮ್ಮ ಗಿಲ್ಡ್ ಹುಟ್ಟಿದ್ದು ಆ ರಾತ್ರಿ. ಬೆಂಗಳೂರಿನಲ್ಲಿರುವ ಇನ್ನೊಬ್ಬ ಭಾವನನ್ನೂ ಎಳೆದೆವು. ಅವನು ಫೈನಲ್ ಫ್ಯಾಂಟಸಿ 14ರ ಉಚಿತ ಟ್ರಯಲ್ ಆಡುತ್ತಿದ್ದವ. ಅಲ್ಲಿ ಗಿಲ್ಡ್‌ಗೆ ಫ್ರೀ ಕಂಪನಿ ಅನ್ನುತ್ತಾರೆ, ಟ್ರಯಲ್‌ನವರಿಗೆ ಅದಕ್ಕೆ ಸೇರಲು ಬಿಡುವುದೇ ಇಲ್ಲ. ಇಲ್ಲಿ ಕಾಸು ಕೊಡದವನೂ ಸೇರಬಹುದು ಅಂದದ್ದಕ್ಕೆ ಬಂದ.

ನಮ್ಮ ಹೊತ್ತು ರಾತ್ರಿ ಎಂಟೂವರೆ, ಊಟದ ಮೇಲೆ. ಯುಟಿಸಿ ಲೆಕ್ಕ ಹಾಕುವವರಿಲ್ಲ. ಯಾರು ಬಂದರೋ ಅವರು. ಇಬ್ಬರು ಬಂದರೆ ಹಳದಿ ವಲಯ, ಐದು ಜನ ಸೇರಿದರೆ ಗುಂಪಿನ ಗುಹೆ, ಧೈರ್ಯ ಇದ್ದ ದಿನ ಕೆಂಪು. ಮಾತಾಡುವುದು ಫೋನ್ ಕರೆಯಲ್ಲೇ, ಕನ್ನಡದಲ್ಲಿ, ಜೋರಾಗಿ. “ಹೀಲ್ ಕೊಡಾ ಮಾರಾಯಾ, ಸಾಯ್ತಾ ಇದ್ದಿ” ಅಂತ ಅತ್ತಲಿಂದ ಕೂಗಿದರೂ ಅಮ್ಮಮ್ಮನಿಗೆ ತೊಂದರೆ ಇಲ್ಲ, ಭಾವ ಫೋನ್ ಮಾಡಿದ್ದಾನೆ ಅಷ್ಟೆ. ಒಮ್ಮೊಮ್ಮೆ ಕೆಳಗಿನಿಂದಲೇ, ಅವನದು ಊಟ ಆಯಿತಾ ಕೇಳು ಅನ್ನುತ್ತಾರೆ. ಯುದ್ಧದ ನಡುವೆ ಕೇಳಿ ಹೇಳಬೇಕಾಗುತ್ತದೆ.

ಗಿಲ್ಡ್‌ಗೆ ಒಂದು ದ್ವೀಪ ಕೊಂಡಿದ್ದೇವೆ, ಎಲ್ಲರ ಸಿಲ್ವರ್ ಕೂಡಿಸಿ. ಅದರಲ್ಲಿ ಕ್ಯಾರೆಟ್‌ನಿಂದ ಹಿಡಿದು ಕುಂಬಳದವರೆಗೆ ಎಂಟು ಬಗೆಯ ಬೆಳೆ ಬೆಳೆಯಬಹುದು, ನಾವಿನ್ನೂ ಕ್ಯಾಬೇಜಿನಲ್ಲಿದ್ದೇವೆ. ಬಿತ್ತಿ 22 ತಾಸಿಗೆ ಕೊಯ್ಲು. ಹಗಲು ತೋಟ ಮಾಡಿ ರಾತ್ರಿಯೂ ತೋಟವೇ ಅಂತ ಆಯಿ ನಗುತ್ತಾಳೆ. ಕಾರವಾರದವನಿಗೆ ಬೇಸಾಯ ಬೇಡ, ಅವನು ಪಾಳಿ ಮುಗಿಸಿ ಬಂದು ಆಟದ ಸಮುದ್ರದಲ್ಲಿ ಗಾಳ ಹಾಕುತ್ತಾನೆ. ಸ್ಟ್ರೈಪ್ಡ್ ಮ್ಯಾಕರಲ್ ಸಿಕ್ಕರೆ, “ಬಂಗಡೆ ಬಂತು, ಭಟ್ರಿಗೆ ಬೇಡ” ಅಂತ ಗುಂಪಿನಲ್ಲಿ ಹಾಕುವುದು ಅವನ ಕಾಯಂ ಹಾಸ್ಯ. ಆ ಮೀನು ಮಾರಿದ ಸಿಲ್ವರಿನಲ್ಲೇ ನನ್ನ ಸ್ಟಾಫ್ ಬಂದದ್ದು, ಅದನ್ನೂ ಅವನು ಮರೆಯಲು ಬಿಡುವುದಿಲ್ಲ.

ಕೊರತೆ ಇಲ್ಲ ಅಂತಲ್ಲ. ಕಪ್ಪು ವಲಯದ ಗಿಲ್ಡ್‌ಗಳು ಕಟ್ಟುವ ಹೈಡ್‌ಔಟ್ (ಗಿಲ್ಡ್‌ನ ನೆಲೆ) ನಾವು ಹೊರಗಿನಿಂದ ನೋಡಿದ್ದಷ್ಟೇ. ಕಾಲೇಜು ಪರೀಕ್ಷೆ ಬಂದರೆ ಮುಂದೆ ನಿಂತು ಪೆಟ್ಟು ತಿನ್ನುವ ಟ್ಯಾಂಕ್ ಇಲ್ಲ, ಬಂದರಿನಲ್ಲಿ ರಾತ್ರಿ ಪಾಳಿ ಬಿದ್ದರೆ ಬಿಲ್ಲುಗಾರ ಇಲ್ಲ. ಅಕಾಡೆಮಿಯಲ್ಲಿ ನಾನು ಬರೆದಿಟ್ಟುಕೊಂಡ ಟಿಪ್ಪಣಿಯೇ ಎಲ್ಲರಿಗೂ ಪಠ್ಯಪುಸ್ತಕ, ಅದರಲ್ಲಿ ತಪ್ಪಿದ್ದರೆ ಹನ್ನೊಂದು ಜನರೂ ತಪ್ಪು. ರೀಗಿಯರ್ ಅನ್ನುವ ಪದವೇ ಇಲ್ಲ. ಹೋದ ತಿಂಗಳು ಕೆಂಪು ವಲಯದಲ್ಲಿ ಮತ್ತೆ ಎಲ್ಲ ಕಳೆದುಕೊಂಡೆ. ಭಾವ, “ಎನ್ನ ಹತ್ರ ಹಳೇ ಸ್ಟಾಫ್ ಒಂದ್ ಇದ್ದು, ತಗ” ಅಂದ. ಪೆಟ್ಟಿಗೆಯಿಂದ ಯಾರು ಏನು ತೆಗೆದರು ಎಂಬುದನ್ನು ಆಟ ತಾನೇ ದಾಖಲಿಸುತ್ತದೆ, ನಾವು ಯಾರೂ ತೆರೆದು ನೋಡಿಲ್ಲ.

ನಿಮಗೆ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ, ಒಳ್ಳೆಯ ಕಂಪ್ಯೂಟರ್, ರಾತ್ರಿ ಎಚ್ಚರ ಇರುವ ಕೆಲಸ ಇದ್ದರೆ ದೊಡ್ಡದಕ್ಕೇ ಹೋಗಿ. ಇನ್ನೂರು ಜನ ಒಟ್ಟಿಗೆ ನುಗ್ಗುವ ಆ ಗೌಜು ನಮ್ಮಲ್ಲಿ ಎಂದೂ ಸಿಗುವುದಿಲ್ಲ. ಪರಿಚಯದವರು ಯಾರೂ ಆಡುವುದಿಲ್ಲವಾದರೆ ಅಕಾಡೆಮಿಯಲ್ಲಿ ಎರಡು ತಿಂಗಳು ಇದ್ದು, ಕಲಿತು, ಹೊರಗೆ ಬನ್ನಿ. ದಿನಕ್ಕೆ ಒಂದೂವರೆ ಜಿಬಿ ಡೇಟಾ, ಮೂರು ವರ್ಷ ಹಳೆಯ ಫೋನು, ಹಲಗೆ ನೆಲದ ಮೆತ್ತು ಇರುವ ನನಗೆ ಈ ಹನ್ನೊಂದು ಜನರದ್ದೇ ಸರಿ.

ಇದನ್ನು ಬರೆಯುವಾಗ ಗುಂಪಿನಲ್ಲಿ ಎರಡು ಸಂದೇಶ ಬಂದು ಕೂತಿವೆ. ಕ್ಯಾಬೇಜ್ ಕೀಳದೆ ಮೂರು ದಿನ ಆಯಿತು, ಈ ವಾರ ಪಾಳಿ ಯಾರದು ಅಂತ ಒಂದು. ನಾಳೆ ನಮ್ಮಲ್ಲಿ ಕೊನೆ ಇಳಿಸುವುದಿದೆ, ಬೆಳಿಗ್ಗೆ ಏಳಕ್ಕೆ ಬಾ ಅಂತ ಇನ್ನೊಂದು. ಎರಡೂ ಭಾವನದ್ದೇ.