ಅಪಘಾತ ಕ್ಲೇಮ್ ವಕೀಲರ ಸೇವೆ: ವಕಾಲತ್ತಿಗೆ ಸಹಿ ಹಾಕಿದಲ್ಲಿಂದ ಹಣ ಬರುವ ತನಕ

ನೆಲಮಂಗಲ, ಕೆಂಗೇರಿ, ಆನೇಕಲ್ ಕಡೆಯ ಬಡಾವಣೆಗಳಲ್ಲಿ ಬೈಕಿಗೆ ಕಾರು ಗುದ್ದಿ ಮೊಣಕಾಲು ಮುರಿದವರಿಗೆ ವಕೀಲರು ಸಿಗುವುದು ಕಷ್ಟವೇನಲ್ಲ. ವಾರ್ಡಿನಿಂದ ಡಿಸ್ಚಾರ್ಜ್ ಆಗುವ ಮೊದಲೇ ಯಾರಾದರೊಬ್ಬರು ವಕಾಲತ್ತು ಹಿಡಿದು ಬಂದಿರುತ್ತಾರೆ. ಅಪಘಾತ ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ ಅಂದರೇನು, ಅರ್ಜಿಯ ನಮೂನೆ ಹೇಗಿರುತ್ತದೆ ಎಂಬುದು ಎಲ್ಲ ಕಡೆ ಸಿಗುವ ಮಾಹಿತಿ, ಇಲ್ಲಿ ಬಿಟ್ಟಿದ್ದೇನೆ. ಈ ಸೇವೆಯನ್ನು ನಾನು ತೂಗುವುದು ತಿಂಗಳ ಸಂಬಳದಲ್ಲಿ ನಡೆಯುವ ಮನೆಯ ಲೆಕ್ಕದಲ್ಲಿ. ಆ ಲೆಕ್ಕದಲ್ಲಿ ಸಿಟ್ಟು ಬರಿಸುವ ವಿಷಯ ಒಂದೇ: ಅಂಗವೈಕಲ್ಯದ ಶೇಕಡಾವಾರು. ಪರಿಹಾರದ ದೊಡ್ಡ ಪಾಲು ನಿಂತಿರುವುದೇ ಅದರ ಮೇಲೆ. ಆದರೂ ಮೊದಲ ಭೇಟಿಯಲ್ಲಿ ಅದರ ಬಗ್ಗೆ ಬಾಯಿ ಬಿಡುವ ವಕೀಲರು ಬಹಳ ಕಡಿಮೆ.

ಲೆಕ್ಕ ಹೀಗೆ. ವರ್ಷದ ಆದಾಯ, ವಯಸ್ಸಿಗೆ ತಕ್ಕ ಗುಣಕ, ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಯಿತು, ಈ ಮೂರನ್ನೂ ಗುಣಿಸುತ್ತಾರೆ. ಗುಣಕದ ಪಟ್ಟಿಯನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ತೀರ್ಪಿನಲ್ಲಿ ಕೊಟ್ಟಿದೆ: 31ರಿಂದ 35 ವಯಸ್ಸಿಗೆ 16, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14. ತಿಂಗಳಿಗೆ 15,000 ರೂಪಾಯಿ ದುಡಿಯುವ 34 ವರ್ಷದವರನ್ನು ತೆಗೆದುಕೊಳ್ಳಿ. ವರ್ಷಕ್ಕೆ 1,80,000, ಅದರ ಹದಿನಾರು ಪಟ್ಟು 28,80,000. ನಷ್ಟ ಶೇ. 10 ಎಂದರೆ 2,88,000 ರೂಪಾಯಿ, ಶೇ. 20 ಎಂದರೆ 5,76,000. ವೈದ್ಯರ ಒಂದು ಸಾಲಿನ ಮೇಲೆ ಹಣ ಇಮ್ಮಡಿಯಾಗುತ್ತದೆ, ಇಲ್ಲವೇ ಅರ್ಧಕ್ಕೆ ಇಳಿಯುತ್ತದೆ.

ಎಡವಟ್ಟು ಆಗುವುದು ಇಲ್ಲೇ. ವೈದ್ಯರು 'ಬಲಗಾಲಿಗೆ ಶೇ. 30' ಎಂದು ಬರೆಯುತ್ತಾರೆ. ಅದು ಆ ಕಾಲಿನ ಲೆಕ್ಕ. ಇಡೀ ದೇಹಕ್ಕೆ ಇಳಿಸುವಾಗ ಅದರ ಮೂರನೇ ಒಂದು ಭಾಗ, ಅಂದರೆ ಶೇ. 10 ಹಿಡಿಯುವುದು ನ್ಯಾಯಮಂಡಳಿಗಳಲ್ಲಿ ರೂಢಿ. ಆದರೆ ನಿಜವಾಗಿ ಬೇಕಿರುವುದು ಮೂರನೆಯದೊಂದು ಅಂಕಿ: ಆ ವ್ಯಕ್ತಿಯ ಕಸುಬಿಗೆ ಎಷ್ಟು ಪೆಟ್ಟು ಬಿತ್ತು? ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಮೊಣಕಾಲು 90 ಡಿಗ್ರಿಗಿಂತ ಹೆಚ್ಚು ಮಡಚದಿದ್ದರೆ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವರ ಸಂಬಳ ನಿಲ್ಲದೇ ಇರಬಹುದು. ಟೈಲ್ಸ್ ಹಾಕುವವರಿಗೆ ಕುಕ್ಕರಗಾಲಲ್ಲಿ ಕೂರಲು ಆಗದಿದ್ದರೆ ಕಸುಬೇ ಹೋಯಿತು. ಈ ವ್ಯತ್ಯಾಸವನ್ನು ಸಾಕ್ಷ್ಯದಲ್ಲಿ ತರುವುದು ವಕೀಲರ ಕೆಲಸ. ತರದಿದ್ದರೆ ಮೂರನೇ ಒಂದು ಭಾಗದ ರೂಢಿಗೇ ಕಟ್ಟುಬೀಳಬೇಕು.

ಬಹಳ ಕಚೇರಿಗಳು ಇದಕ್ಕೆ ಕಂಡುಕೊಂಡಿರುವ ಅಡ್ಡದಾರಿ ಎಂದರೆ ತಮಗೆ ಪರಿಚಯದ ವೈದ್ಯರು. ಅವರು ಗಾಯಾಳುವಿಗೆ ಚಿಕಿತ್ಸೆ ಕೊಟ್ಟವರಲ್ಲ. ಒಂದು ಸಲ ನೋಡಿ ದೊಡ್ಡ ಅಂಕಿ ಬರೆದುಕೊಡುತ್ತಾರೆ. ಅಂಕಿ ದೊಡ್ಡದಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಗಾಯಾಳುವಿಗೆ ಅನಿಸುತ್ತದೆ. ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರ ಮೊದಲ ಪ್ರಶ್ನೆಯೇ 'ನೀವು ಚಿಕಿತ್ಸೆ ಕೊಟ್ಟಿದ್ದೀರಾ?' ಎಂದಿರುತ್ತದೆ. ಇಂಥ ಸಿದ್ಧ ಪ್ರಮಾಣಪತ್ರಗಳ ಬಗ್ಗೆ ಎಚ್ಚರದಿಂದಿರಬೇಕು ಎಂದು ಅದೇ ರಾಜ್‌ಕುಮಾರ್ ತೀರ್ಪು ಹೇಳಿರುವುದರಿಂದ ಅಂಕಿ ಅಲ್ಲೇ ಕುಸಿಯುತ್ತದೆ.

ಸರಿಯಾದ ತಪಾಸಣೆ ಹೀಗಿರುತ್ತದೆ: ಆಪರೇಷನ್ ಮಾಡಿದ ವೈದ್ಯರೇ, ಮೂಳೆ ಕೂಡಿ ಇನ್ನು ಸುಧಾರಣೆ ಇಲ್ಲ ಎನ್ನುವ ಹಂತದಲ್ಲಿ, ಹೊಸ ಎಕ್ಸ್‌ರೇ ತೆಗೆಸಿ ನೋಡುತ್ತಾರೆ. ಗೋನಿಯೋಮೀಟರ್ ಇಟ್ಟು ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆಯುತ್ತಾರೆ. ಸೊಂಟದ ಮುಂಭಾಗದ ಎಲುಬಿನಿಂದ ಕಣಕಾಲಿನ ಒಳಬದಿಯ ಗಂಟಿನವರೆಗೆ ಟೇಪು ಹಿಡಿದು ಕಾಲು ಎಷ್ಟು ಸೆಂಟಿಮೀಟರ್ ಗಿಡ್ಡವಾಗಿದೆ ಎಂದು ಬರೆಯುತ್ತಾರೆ. ಡಿಗ್ರಿ, ಸೆಂಟಿಮೀಟರ್ ಇಲ್ಲದ ಪ್ರಮಾಣಪತ್ರವನ್ನು ವಾಪಸ್ ಕೊಟ್ಟು ಬರೆಸಿಕೊಳ್ಳಿ. ಒಳಗೆ ರಾಡು ಅಥವಾ ಪ್ಲೇಟು ಉಳಿದಿದ್ದರೆ ಅದನ್ನು ತೆಗೆಯುವ ಖರ್ಚಿನ ಅಂದಾಜನ್ನೂ ಅದೇ ದಿನ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಪಡೆಯಿರಿ.

ಹಾಗೆಂದು ಮೂಳೆ ಕೂಡಲಿ ಎಂದು ಕಾದು ಕೂರಬೇಡಿ. ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳು ಎಂಬ ಮಿತಿ 2022ರ ಏಪ್ರಿಲ್ 1ರಿಂದ ಇದೆ. ಅರ್ಜಿ ಮೊದಲು, ಅಂಗವೈಕಲ್ಯದ ಸಾಕ್ಷ್ಯ ಆಮೇಲೆ. ಪೊಲೀಸರು 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳಿಸಬೇಕೆಂಬ ನಿಯಮವೂ ಈಗಿದೆ. ಅದನ್ನೇ ನೆಚ್ಚಿಕೊಳ್ಳದೆ ಸ್ವಂತ ಅರ್ಜಿ ಹಾಕಿಸುವುದು ಕ್ಷೇಮ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿ ಹಾಕಬಹುದು. ಊರುಗೋಲಿನಲ್ಲಿ ನಡೆಯುವವರಿಗೆ ಇದು ದೊಡ್ಡ ಸಹಾಯ.

ಇನ್ನು ಮನೆಯಲ್ಲಿ ಮಾಡಬೇಕಾದ ಕೆಲಸ. ಮೆಡಿಕಲ್ ಸ್ಟೋರಿನ ಬಿಲ್ಲುಗಳು ಬಹುತೇಕ ಥರ್ಮಲ್ ಕಾಗದದವು. ಕೆಲವು ತಿಂಗಳಲ್ಲಿ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಉಳಿಯುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಇನ್ನೂ ಬೇಗ. ಬಿಲ್ಲು ಬಂದ ಸಂಜೆಯೇ ಜೆರಾಕ್ಸ್ ಮಾಡಿಸಿ, ಎ4 ಹಾಳೆಯ ಮೇಲೆ ಮೂಲ ಬಿಲ್ಲನ್ನು ಮೇಲಂಚಿಗಷ್ಟೇ ಗೋಂದು ಹಚ್ಚಿ ಅಂಟಿಸಿ, ಪಕ್ಕದಲ್ಲಿ ಜೆರಾಕ್ಸ್. ಅಕ್ಷರದ ಹಿಂದೆ ಗೋಂದು ತಾಗಬಾರದು. ಬಿಲ್ಲಿನ ಕೆಳಗೆ ಅದೇ ತಾರೀಖಿನ ವೈದ್ಯರ ಚೀಟಿ ಇರಲಿ, ಚೀಟಿ ಇಲ್ಲದ ಬಿಲ್ಲನ್ನು ವಿಮಾ ವಕೀಲರು ಒಂದೊಂದಾಗಿ ತಕರಾರು ಮಾಡುತ್ತಾರೆ. ಹತ್ತು ಹಾಳೆಗೊಮ್ಮೆ ಪೆನ್ಸಿಲಿನಲ್ಲಿ ಮೊತ್ತ ಕೂಡಿಸಿಟ್ಟರೆ ಕೊನೆಗೆ ಪಟ್ಟಿ ಮಾಡುವುದು ಅರ್ಧ ಗಂಟೆಯ ಕೆಲಸ. ಆಟೋ, ಟ್ಯಾಕ್ಸಿ ಖರ್ಚಿಗೆ ಒಂದು ನೋಟ್‌ಬುಕ್, ರಾತ್ರಿ ಮಲಗುವ ಮೊದಲು ಎರಡು ಸಾಲು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸ್ ನಂಬರ್ ಹಾಕಿಟ್ಟರೆ ಮುಂದಿನ ಡೇಟ್ ಯಾವುದು ಎಂದು ಯಾರನ್ನೂ ಕೇಳಬೇಕಿಲ್ಲ.

ಇಷ್ಟು ಸಿಟ್ಟಿನ ನಡುವೆಯೂ ಮನಸಾರೆ ಹೊಗಳಬೇಕಾದವರು ಒಬ್ಬರಿದ್ದಾರೆ: ವಕೀಲರ ಕಚೇರಿಯ ಗುಮಾಸ್ತರು. ದೂರಿನ ಪ್ರತಿ, ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ವಾಹನ ತಪಾಸಣೆಯ ಐಎಂವಿ ವರದಿ, ವೂಂಡ್ ಸರ್ಟಿಫಿಕೇಟ್, ಚಾರ್ಜ್‌ಶೀಟ್, ಗುದ್ದಿದ ವಾಹನದ ಪಾಲಿಸಿ, ಇವನ್ನೆಲ್ಲ ಠಾಣೆಗೂ ಕೋರ್ಟಿಗೂ ಅಲೆದು ತರುವವರು ಅವರು. ನುರಿತ ಗುಮಾಸ್ತರು ಎಲ್ಲಕ್ಕಿಂತ ಮೊದಲು ನೋಡುವುದು ಆಸ್ಪತ್ರೆಯ ಎಂಎಲ್‌ಸಿ ನಮೂದನ್ನು, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಗಾಯ ಹೇಗಾಯಿತು ಎಂದು ಆಸ್ಪತ್ರೆ ಬರೆದಿಟ್ಟುಕೊಳ್ಳುವ ದಾಖಲೆಯನ್ನು. ಗಾಬರಿಯಲ್ಲಿ ಯಾರೋ 'ಬೈಕ್ ಸ್ಕಿಡ್ ಆಗಿ ಬಿದ್ದರು' ಎಂದು ಬರೆಸಿದ್ದರೆ, ಕಾರು ಗುದ್ದಿದ್ದೇ ಸುಳ್ಳು ಎಂದು ವಿಮಾ ಕಂಪನಿ ವಾದ ಹೂಡುತ್ತದೆ. ಅದಕ್ಕೆ ಉತ್ತರವಾಗಿ ಕಣ್ಣಾರೆ ಕಂಡವರ ಸಾಕ್ಷಿಯನ್ನು ಆರಂಭದಲ್ಲೇ ಹುಡುಕಬೇಕು. ದೂರು ಕೊಡಲು ತಡವಾಗಿದ್ದರೆ ಕಾರಣ ದೂರಿನಲ್ಲೇ ಇರಬೇಕು. ಇದನ್ನೆಲ್ಲ ಸಕಾಲದಲ್ಲಿ ಹಿಡಿಯುವ ಗುಮಾಸ್ತರಿದ್ದರೆ, ವಕೀಲರು ಫೋನ್ ಎತ್ತದಿದ್ದರೂ ಸಹಿಸಿಕೊಳ್ಳಬಹುದು ಎನ್ನುವಷ್ಟು ನನ್ನ ಅಭಿಪ್ರಾಯ ಮೆತ್ತಗಾಗಿದೆ.

ಫೀಸಿನ ವಿಷಯಕ್ಕೆ ಬಂದರೆ, ಬಂದ ಹಣದಲ್ಲಿ ಪಾಲು ಎಂಬ ಕರಾರನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳೇ ನಿಷೇಧಿಸಿವೆ. ಅರ್ಜಿಗೆ ಇಷ್ಟು, ಸಾಕ್ಷ್ಯಕ್ಕೆ ಇಷ್ಟು, ವಾದಕ್ಕೆ ಇಷ್ಟು ಎಂದು ಬರೆಸಿಕೊಂಡು ರಸೀದಿ ಪಡೆಯಿರಿ. ಖಾಲಿ ಚೆಕ್ಕಿಗಾಗಲೀ ಖಾಲಿ ಹಾಳೆಗಾಗಲೀ ಸಹಿ ಬೇಡ, ಪಾಸ್‌ಬುಕ್ ನಿಮ್ಮ ಬಳಿಯೇ ಇರಲಿ.

ಫೀಸು ಕೊಡುವ ಸ್ಥಿತಿ ಇಲ್ಲದವರಿಗೆ ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಇವರಿಗೆಲ್ಲ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಗಾಯಗೊಂಡವರು ಮಹಿಳೆಯಾಗಿದ್ದರೆ ಮೊದಲು ಇಲ್ಲಿ ವಿಚಾರಿಸಿ ಎಂದೇ ಹೇಳುತ್ತೇನೆ. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ದಾರಿ ಬೇರೆ: ಹಿಟ್ ಅಂಡ್ ರನ್ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ.

ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದಾಗ ಮೇಲಿನ ಗುಣಾಕಾರವನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಅಲ್ಲಿ ಒಪ್ಪಿದ ಮೊತ್ತಕ್ಕೆ ಮೇಲ್ಮನವಿ ಇಲ್ಲ. ತೀರ್ಪೇ ಬಂದರೆ ದೃಢೀಕೃತ ಪ್ರತಿಗೆ ಅದೇ ವಾರ ನಕಲು ಅರ್ಜಿ ಹಾಕಿಸಿ, ಹೈಕೋರ್ಟಿಗೆ ಹೋಗಲು 90 ದಿನವಿದೆ. ಪ್ರತಿ ಕೈಗೆ ಬಂದಾಗ ಕೊನೆಯ ಪುಟದ ಮೊತ್ತಕ್ಕಿಂತ ಮೊದಲು ವೈದ್ಯರ ಸಾಕ್ಷ್ಯದ ಪ್ಯಾರಾ ಓದಿ. ನ್ಯಾಯಾಧೀಶರು ಶೇಕಡಾವಾರು ಏಕೆ ಇಳಿಸಿದರು ಎಂಬುದು ಅಲ್ಲಿರುತ್ತದೆ. ಅಳತೆಗಳೆಲ್ಲ ಇದ್ದೂ ಕಸುಬನ್ನು ಗಣನೆಗೆ ತೆಗೆದುಕೊಂಡಿಲ್ಲ ಎಂದಾದರೆ ಮೇಲ್ಮನವಿಗೆ ಗಟ್ಟಿ ನೆಲೆ ಸಿಕ್ಕಂತೆ.