ಹಳೇ ಸ್ಕೂಟರ್‌ನ ಕ್ಲಚ್: ಒರಿಜಿನಲ್ ಹಾಕಿಸೋದಾ, ಅಗ್ಗದ ಸೆಟ್ ತರೋದಾ, ಲೈನಿಂಗ್ ಅಂಟಿಸೋದಾ?

ಮೀಟರ್ 70,000 ಕಿ.ಮೀ. ದಾಟಿದ ಗೇರ್‌ಲೆಸ್ ಸ್ಕೂಟರ್‌ಗೆ ಕ್ಲಚ್ ಕೆಲಸ ಬಂತು ಅಂದರೆ ನನ್ನ ಓಟು ಕಂಪನಿಯ ಒರಿಜಿನಲ್ ಶೂ ಮತ್ತು ಒರಿಜಿನಲ್ ಬೆಲ್‌ಗೆ. ಎರಡೂ ಒಟ್ಟಿಗೆ. ಶೂ ಅಂದರೆ ಎಂಜಿನ್ ವೇಗ ಏರಿದಾಗ ಹೊರಕ್ಕೆ ಚಾಚಿಕೊಳ್ಳುವ ತುಂಡುಗಳು. ಬೆಲ್ ಅಂದರೆ ಅವು ಒಳಗಿನಿಂದ ಹಿಡಿದು ತಿರುಗಿಸುವ ಬಟ್ಟಲು, ಅದು ತಿರುಗಿದರೆ ಚಕ್ರ ತಿರುಗುತ್ತದೆ. ಶೂ ಮೇಲಿನ ಉಜ್ಜುವ ಪದರವೇ ಲೈನಿಂಗ್. ಶೋರೂಮ್‌ನಲ್ಲೇ ಹಾಕಿಸಬೇಕು ಅಂತೇನಿಲ್ಲ. ಸ್ಪೇರ್ಸ್ ಕೌಂಟರ್‌ನಲ್ಲಿ ಬಿಲ್ ಹಾಕಿಸಿ ತಂದು, ನಮ್ಮ ಬೀದಿಯ ಮೆಕ್ಯಾನಿಕ್ ಕೈಲಿ ಕೂರಿಸಿದ್ದೇನೆ. ಅದಕ್ಕೂ ಮುಂಚೆ ಅದೇ ಗಾಡಿಗೆ ಅಂಗಡಿಯ ಅಗ್ಗದ ಸೆಟ್ ಹಾಕಿ ಓಡಿಸಿದ್ದೆ. ಮನೆಯ ಇನ್ನೊಂದು ಸ್ಕೂಟರ್‌ಗೆ ಹಳೇ ಶೂ ಮೇಲೆ ಹೊಸ ಲೈನಿಂಗ್ ಅಂಟಿಸಿಕೊಂಡು ನೋಡಿದ್ದಾಯಿತು. ಹಾಗಾಗಿ ಮೂರರ ಬಗ್ಗೆಯೂ ಕೈಯಾರೆ ಕಂಡದ್ದನ್ನೇ ಬರೆಯುತ್ತಿದ್ದೇನೆ.

ನನ್ನ ಓಡಾಟ ಮೈಸೂರಿನಲ್ಲಿ. ದಿನಾ ಆಫೀಸು, ಸಿಗ್ನಲ್ಲು, ಸಂತೆ. ಆಗಾಗ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟ. ಕ್ಲಚ್‌ನ ನಿಜವಾದ ಪರೀಕ್ಷೆ ರಿಂಗ್ ರೋಡಿನಲ್ಲಿ ಆಗೋದೇ ಇಲ್ಲ. ಬೆಟ್ಟದ ಏರಿನಲ್ಲಿ ಮುಂದಿನ ಕಾರು ನಿಂತು, ನಾವೂ ನಿಂತು, ಮತ್ತೆ ಡಬಲ್ಸ್‌ನಲ್ಲಿ ಮೆಲ್ಲಗೆ ಹೊರಡಬೇಕಲ್ಲ, ಅಲ್ಲಿ ಗೊತ್ತಾಗುತ್ತದೆ.

ಮೊದಲು ಕಾಯಿಲೆ ಯಾವುದು ಅಂತ ಗುರುತಿಸಿಕೊಳ್ಳಿ. ಗಾಡಿ ಅದುರುತ್ತೆ ಅಂದ ಕೂಡಲೇ ಬೆಲ್ಟ್ (ಎಂಜಿನ್ ಕಡೆಯ ಮುಂದಿನ ಪುಲ್ಲಿಯಿಂದ ಕ್ಲಚ್ ಕಡೆಯ ಹಿಂದಿನ ಪುಲ್ಲಿಗೆ ಎಳೆತ ಒಯ್ಯುವ ಪಟ್ಟಿ) ಬದಲಾಯಿಸಿ ಅನ್ನುವವರೇ ಜಾಸ್ತಿ. ಹೊರಡುವಾಗ ಮಾತ್ರ ಗಡಗಡ ಅಂದು, ಸ್ವಲ್ಪ ವೇಗ ಬಂದ ಮೇಲೆ ಸರಿಹೋದರೆ ಅದು ಬಹುಪಾಲು ಕ್ಲಚ್. ಎಂಜಿನ್ ಕೂಗುತ್ತದೆ, ಆದರೂ ಟಾಪ್ ಸ್ಪೀಡ್ ಮೊದಲಿನಷ್ಟು ಬರೋದಿಲ್ಲ ಅಂದರೆ ಬೆಲ್ಟ್ ಸವೆದು ಅಗಲ ಕಡಿಮೆಯಾಗಿರಬಹುದು. ವೇಗ ಏರುವಾಗ ನಡುವೆ ತಡವರಿಸಿದರೆ ಮುಂದಿನ ಪುಲ್ಲಿಯ ರೋಲರ್ ನೋಡಿ. ದುಂಡಗಿರಬೇಕಾದ ರೋಲರ್ ಒಂದು ಕಡೆ ಚಪ್ಪಟೆಯಾಗಿರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ರೇಸ್ ಕೊಡದೆಯೂ ಗಾಡಿ ಮುಂದೆ ಜಾರಿದರೆ ಐಡಲ್, ಅಂದರೆ ರೇಸ್ ಕೊಡದಿರುವಾಗಿನ ಎಂಜಿನ್ ವೇಗ, ಜಾಸ್ತಿ ಇದೆ, ಇಲ್ಲವೇ ಶೂಗಳ ಸ್ಪ್ರಿಂಗ್ ಸಡಿಲವಾಗಿದೆ. ಹಾಗೆ ಬಿಟ್ಟರೆ ಶೂಗಳು ಬೆಲ್‌ಗೆ ಸದಾ ಉಜ್ಜುತ್ತಾ ಕಾದು, ಗಾಜಿನ ಹಾಗೆ ನುಣುಪಾಗುತ್ತವೆ. ಐಡಲ್ ಮಾತ್ರ ಜಾಸ್ತಿಯಾಗಿದ್ದರೆ, ಒಂದು ಸ್ಕ್ರೂ ತಿರುಗಿಸಿದರೆ ಮುಗಿಯುವ ಕೆಲಸಕ್ಕೆ ಸೆಟ್ಟೇ ಬದಲಾಯಿಸುವುದು ದುಡ್ಡು ದಂಡ.

ಇನ್ನೊಂದು ಇದೆ, ಇದನ್ನು ತುಂಬಾ ಜನ ನೋಡೋದೇ ಇಲ್ಲ. ಹಿಂದಿನ ಪುಲ್ಲಿಯ ಒಳಗೆ ಓರೆಯಾದ ಸೀಳುಗಳಲ್ಲಿ ಸರಿದಾಡುವ ಪಿನ್‌ಗಳಿವೆ. ಗಾಡಿ ನಿಧಾನವಾದಾಗ ಪುಲ್ಲಿಯ ಎರಡು ತಟ್ಟೆ ಹತ್ತಿರ ಬಂದು, ಬೆಲ್ಟನ್ನು ಹೊರ ಅಂಚಿಗೆ ಏರಿಸಬೇಕು. ಗೇರ್ ಗಾಡಿಯಲ್ಲಿ ಫಸ್ಟ್‌ಗೆ ಬರೋದು ಅಂತೀವಲ್ಲ, ಅದೇ ಕೆಲಸ. ಗ್ರೀಸ್ ಒಣಗಿದರೆ ತಟ್ಟೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಬ್ರೇಕ್ ಹಿಡಿದು ನಿಲ್ಲಿಸಿ, ಮತ್ತೆ ಹೊರಟಾಗ ಗಾಡಿ ಮಂಕಾಗಿ ಎಳೆದರೆ ಅನುಮಾನ ಬರಬೇಕು. ಸೈಡ್ ಕವರ್ ತೆಗೆದು ನೋಡಿ. ನಿಂತ ಗಾಡಿಯಲ್ಲಿ ಹಿಂದಿನ ಪುಲ್ಲಿಯಲ್ಲಿ ಬೆಲ್ಟ್ ಹೊರ ಅಂಚಿನಲ್ಲಿ ಇರದೆ ಒಳಗೆ ಕುಸಿದು ಕೂತಿದ್ದರೆ ಪುಲ್ಲಿ ಅಂಟಿಕೊಂಡಿದೆ. ಅದನ್ನು ಬಿಚ್ಚಿ ತೊಳೆದು ಗ್ರೀಸ್ ಹಾಕದೆ ಎಂಥಾ ಒಳ್ಳೆಯ ಶೂ ಹಾಕಿದರೂ ಬೇಗ ಸುಟ್ಟುಹೋಗುತ್ತದೆ. ಬಿಚ್ಚುವಾಗ ಒಳಗಿನ ದಪ್ಪ ಸ್ಪ್ರಿಂಗ್ ಬಿಗಿಯಾಗಿ ಒತ್ತಿಕೊಂಡಿರುತ್ತದೆ. ನಟ್ ಬಿಟ್ಟ ತಕ್ಷಣ ಮುಖಕ್ಕೇ ಹಾರೀತು. ಅದನ್ನು ಹಿಡಿದಿಡುವ ಟೂಲ್ ಇಲ್ಲದೆ ಮನೆಯಲ್ಲಿ ಕೈಹಾಕಬೇಡಿ.

ನನ್ನ ಗಾಡಿಯಲ್ಲಿ ಪುಲ್ಲಿ ತೊಳೆಸಿ, ಬೆಲ್ಟ್ ಹೊಸದು ಹಾಕಿಸಿ, ಐಡಲ್ ಸರಿಮಾಡಿಸಿದ ಮೇಲೆಯೇ ಅಗ್ಗದ ಸೆಟ್ ಕೂರಿಸಿದ್ದು. ಆಮೇಲೆ ಒರಿಜಿನಲ್ ಹಾಕಿದಾಗಲೂ ಅದೇ ಪುಲ್ಲಿ, ಅದೇ ಬೆಲ್ಟ್. ಬದಲಾದದ್ದು ಶೂ ಮತ್ತು ಬೆಲ್ ಮಾತ್ರ.

ಅಗ್ಗದ ಸೆಟ್‌ಗೆ ಒರಿಜಿನಲ್‌ನ ಅರ್ಧಕ್ಕಿಂತ ಕಡಿಮೆ ರೇಟು. ನೋಡೋಕೆ ಚೆನ್ನಾಗಿತ್ತು, ಹೊಳೆಯುವ ಬೆಲ್, ನೀಟಾದ ಡಬ್ಬಿ. ಬೆಳಗ್ಗೆ ತಣ್ಣಗಿರುವಾಗ ಯಾವ ತಕರಾರೂ ಇಲ್ಲ. ಸಂಜೆ ಟ್ರಾಫಿಕ್‌ನಲ್ಲಿ ನಿಂತು ಹೊರಟು, ನಿಂತು ಹೊರಟು ಬಿಸಿಯಾದ ಮೇಲೆ ಶುರು. ರೇಸ್ ಕೊಟ್ಟ ಕೂಡಲೇ ಫುಟ್‌ಬೋರ್ಡ್ ನಡುಗುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಕಲಸಿಹೋಗುತ್ತದೆ. ಜೊತೆಗೆ ಕೀಂ ಅಂತ ಒಂದು ಕಿರುಚಾಟ. ಅಕ್ಕಪಕ್ಕದವರು ತಿರುಗಿ ನೋಡುವಷ್ಟು. ಬೆಟ್ಟದ ಏರಿನಲ್ಲಿ ಅಮ್ಮ ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡು, "ಇಳಿದುಬಿಡ್ಲೇನೋ?" ಅಂತ ಕೇಳಿದ್ದರು. ಆ ಮಾತು ಕೇಳಿ ನಿಜಕ್ಕೂ ಬೇಜಾರಾಯಿತು.

ಬಿಚ್ಚಿ ನೋಡಿದೆವು. ಮೂರು ಶೂಗಳಲ್ಲೂ ಲೈನಿಂಗ್‌ನ ಒಂದು ತುದಿ ಮಾತ್ರ ಮಿರಮಿರ ಮಿಂಚುತ್ತಿತ್ತು. ಉಳಿದ ಭಾಗದಲ್ಲಿ ಹೊಸದರ ಒರಟು ಗೀರು ಹಾಗೇ ಇತ್ತು. ಅಂದರೆ ಶೂ ಪೂರ್ತಿ ಮೈಚಾಚಿ ಬೆಲ್‌ಗೆ ಕೂರುತ್ತಲೇ ಇರಲಿಲ್ಲ. ತುದಿಯಲ್ಲೇ ಹಿಡಿದು, ಅಲ್ಲೇ ಕಾದು, ಜಾರಿ, ಮತ್ತೆ ಹಿಡಿಯುತ್ತಿತ್ತು. ಹಿಡಿ-ಬಿಡು ಆಟವೇ ಆ ಅದುರು. ಬೆಲ್ ಒಳಗೆ ಕಾದ ಕಬ್ಬಿಣದ ನೀಲಿ ಬಣ್ಣ ಉಂಗುರದ ಹಾಗೆ ಬಂದಿತ್ತು. ಎಮರಿ ಪೇಪರ್‌ನಲ್ಲಿ ಎರಡನ್ನೂ ಉಜ್ಜಿ ಕೂರಿಸಿದೆವು. ಕೆಲವು ದಿನ ಪರವಾಗಿಲ್ಲ ಅನ್ನಿಸಿತು, ಆಮೇಲೆ ಮತ್ತದೇ ಕಥೆ.

ಆಗ ಮೆಕ್ಯಾನಿಕ್ ಅಣ್ಣ ಒಂದು ಕೆಲಸ ಮಾಡಿದರು. ಬೆಲ್ಟ್ ಕಳಚಿ, ಬೆಲ್ಲನ್ನು ಹಿಂದಿನ ಶಾಫ್ಟ್ ಮೇಲೆ ಕೂರಿಸಿ ನಟ್ ಬಿಗಿದು, ಸ್ಕ್ರೂಡ್ರೈವರ್ ತುದಿಯನ್ನು ಅದರ ಹೊರಮೈಗೆ ಕೂದಲೆಳೆ ದೂರದಲ್ಲಿ ಅಲುಗದ ಹಾಗೆ ಹಿಡಿದರು. "ಚಕ್ರ ತಿರುಗಿಸಿ ಸಾರ್, ಈ ಸಂದಿ ನೋಡ್ತಾ ಇರಿ" ಅಂದರು. ಮೆಲ್ಲಗೆ ತಿರುಗಿಸಿದರೆ ಸಂದಿ ಒಂದು ಕಡೆ ಅಗಲ, ಇನ್ನೊಂದು ಕಡೆ ತಾಗೇಬಿಡುತ್ತದೆ. ಹೊಸ ಬೆಲ್ ದುಂಡಗೇ ಇರಲಿಲ್ಲ! ನನ್ನ ಹಳೇ ಒರಿಜಿನಲ್ ಬೆಲ್ಲನ್ನು ಹಾಗೇ ತಿರುಗಿಸಿದಾಗ ಸಂದಿ ಸುತ್ತಲೂ ಒಂದೇ ಸಮ. ಅದನ್ನೇ ಅಗ್ಗದ ಶೂ ಜೊತೆ ಹಾಕಿ ಓಡಿಸಿದೆ. ಅದುರು ಮುಕ್ಕಾಲು ಪಾಲು ಹೋಯಿತು, ಕಿರುಚಾಟ ಉಳಿಯಿತು. ಅಷ್ಟರಲ್ಲಿ ನನಗೆ ಖಾತ್ರಿಯಾಯಿತು. ಎಲ್ಲರೂ ಶೂ ಶೂ ಅಂತಾರೆ, ಆದರೆ ಅಗ್ಗದ ಸೆಟ್ ಸೋಲೋದು ಬೆಲ್‌ನಲ್ಲಿ.

ಹಾಗಾದರೆ ಹಳೇ ಬೆಲ್ಲೇ ಇಟ್ಟುಕೊಂಡು ಶೂ ಮಾತ್ರ ಒರಿಜಿನಲ್ ಹಾಕಬಹುದಲ್ಲ? ಬೆಲ್ ಚೆನ್ನಾಗಿದ್ದರೆ ಧಾರಾಳವಾಗಿ ಹಾಕಿ. ಒಳಗೆ ಬೆರಳಾಡಿಸಿ ನೋಡಿ, ಶೂ ಉಜ್ಜುವ ಜಾಗದ ಅಂಚಿನಲ್ಲಿ ಉಗುರು ಸಿಕ್ಕಿಕೊಂಡರೆ ಅಲ್ಲಿ ಗುಂಡಿ ಬಿದ್ದಿದೆ ಅಂತ ಅರ್ಥ. ಒಳವ್ಯಾಸ ಎಷ್ಟರವರೆಗೆ ಸವೆಯಬಹುದು ಅನ್ನೋದು ಆಯಾ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ನನ್ನದರಲ್ಲಿ ಉಗುರು ಚೆನ್ನಾಗೇ ಸಿಕ್ಕಿತು. ಸವೆದ ಬೆಲ್‌ನಲ್ಲಿ ಹೊಸ ಶೂ ಕೂತರೆ ಹಳೇ ಗುಂಡಿಯ ಅಂಚೇ ಅದನ್ನು ಕೆರೆಯುತ್ತದೆ. ಹಾಗಾಗಿ ಎರಡೂ ತಂದೆ.

ಲೈನಿಂಗ್ ಅಂಟಿಸುವವರ ಬಗ್ಗೆ ನನಗೆ ಗೌರವ ಇದೆ. ಹಳೇ ಲೈನಿಂಗ್ ಕಿತ್ತು, ಹೊಸದನ್ನು ಗಮ್ ಹಾಕಿ ಬಿಸಿಯಲ್ಲಿ ಒತ್ತಿ ಕೂರಿಸುತ್ತಾರೆ. ಶೂನ ಲೋಹದ ಭಾಗ ಒರಿಜಿನಲ್ಲೇ ಉಳಿಯುತ್ತದೆ, ಅದು ದೊಡ್ಡ ಲಾಭ. ಖರ್ಚು ಮೂರರಲ್ಲೂ ಕಡಿಮೆ. ಹೊರಡುವಾಗಿನ ನಯವಂತೂ ಅಗ್ಗದ ಸೆಟ್‌ಗಿಂತ ಎಷ್ಟೋ ಮೇಲು. ಆದರೆ ನಮಗೆ ಸಿಕ್ಕ ಲೈನಿಂಗ್ ಮೆತ್ತಗಿತ್ತು. ಏರಿನಲ್ಲಿ ಸುಟ್ಟ ವಾಸನೆ ಬರುತ್ತಿತ್ತು, ಕವರ್ ತೆಗೆದಾಗಲೆಲ್ಲ ಕಪ್ಪು ಧೂಳು ಬೊಗಸೆ ತುಂಬ. ಅಂಟು ಬಿಟ್ಟು ಒಂದು ತುಂಡು ಕಿತ್ತರೆ ಬೆಲ್ ಒಳಗೇ ಸಿಕ್ಕಿಕೊಳ್ಳುತ್ತದೆ ಅನ್ನೋ ಭಯವೂ ಇತ್ತು. ಊರೊಳಗೆ ಸಿಂಗಲ್ ಓಡಾಡುವ ಗಾಡಿಗೆ ಇದು ಸಾಕು.

ಧೂಳಿನ ವಿಷಯಕ್ಕೆ ಒಂದು ಮಾತು. ಕೆಲವು ಲೈನಿಂಗ್‌ಗಳಲ್ಲಿ ಇರಬಹುದಾದ, ಉಸಿರಾಡಿದರೆ ಶ್ವಾಸಕೋಶಕ್ಕೆ ಕೆಡುಕಾದ ಆಸ್ಬೆಸ್ಟಾಸ್ ನಾರಿನ ಬಳಕೆಗೆ ನಮ್ಮ ದೇಶದಲ್ಲಿ ಪೂರ್ತಿ ನಿಷೇಧ ಇಲ್ಲ. ಯಾವ ಲೈನಿಂಗ್‌ನಲ್ಲಿ ಏನಿದೆ ಅಂತ ನೋಡಿ ಹೇಳೋಕಾಗಲ್ಲ. ಏರ್ ಗನ್ನಿಂದ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮೆಕ್ಯಾನಿಕ್‌ಗೂ ಹೇಳಿ, ದಿನವೆಲ್ಲ ಆ ಧೂಳು ಕುಡಿಯುವವರು ಅವರೇ.

ಒರಿಜಿನಲ್ ಬಗ್ಗೆ ಬರೆಯಲು ಜಾಸ್ತಿ ಏನೂ ಇಲ್ಲ, ಅದೇ ಅದರ ಗುಣ. ಹಾಕಿದ ದಿನದಿಂದ ಸದ್ದಿಲ್ಲ. ಬೆಟ್ಟದಲ್ಲಿ ನಿಂತು ಹೊರಟರೂ ಅಮ್ಮನ ಮಾತು ನಿಲ್ಲಲಿಲ್ಲ, ಭುಜವನ್ನೂ ಹಿಡಿಯಲಿಲ್ಲ. ಸ್ಟಾಕ್ ಇಲ್ಲ ಅಂತ ಕೌಂಟರ್‌ಗೆ ಎರಡು ಸಲ ಅಲೆದದ್ದೊಂದೇ ಬೇಸರ. ಒರಿಜಿನಲ್ ಹೆಸರಿನ ಡೂಪ್ಲಿಕೇಟ್ ಡಬ್ಬಿಗಳೂ ಓಡಾಡುತ್ತವೆ, ಬಿಲ್ ಇಲ್ಲದೆ ತರಬೇಡಿ.

ಗಾಡಿಯನ್ನು ಇನ್ನಾರು ತಿಂಗಳಲ್ಲಿ ಮಾರುವವರಿಗೆ ಲೈನಿಂಗ್ ಸಾಕು. ನಾನು ಮಾರುವವನಲ್ಲ, ಡಬಲ್ಸ್ ಮತ್ತು ಏರು ತಪ್ಪಿದ್ದಲ್ಲ, ಹಾಗಾಗಿ ಒರಿಜಿನಲ್. ಒಂದೇ ತಿಂಗಳಲ್ಲಿ ಶೂ, ಬೆಲ್ ಎರಡಕ್ಕೂ ದುಡ್ಡು ಹೊಂದಿಸೋದು ಕಷ್ಟ ಅನ್ನಿಸಿದರೆ ಅಗ್ಗದ ಸೆಟ್‌ಗೆ ಹೋಗಬೇಡಿ. ಹಳೇ ಬೆಲ್‌ನ ಅಂಚನ್ನು ಲೇತ್‌ನಲ್ಲಿ ತೆಳ್ಳಗೆ ಸಮ ಮಾಡಿಸಿ, ವ್ಯಾಸ ಮಿತಿಯೊಳಗೇ ಉಳಿದರೆ ಒರಿಜಿನಲ್ ಶೂ ಹಾಕಿಸಿ. ಬೆಲ್ಲನ್ನು ಮುಂದಿನ ಸರ್ವಿಸ್‌ಗೆ ತಂದರಾಯಿತು.