ಥಿಯಾಸಫಿ ಕಿರುಹೊತ್ತಗೆಗೆ ಹಾಸನದ ಡಿಜಿಟಲ್ ಪ್ರಿಂಟ್ ಅಂಗಡಿ: ಏನು ಚೆನ್ನ, ಎಲ್ಲಿ ಎಚ್ಚರ

ಎಲ್ಲ ಧರ್ಮಗಳ ಹಿಂದೆ ಒಂದೇ ಸತ್ಯವಿದೆ ಎಂದು ಅರಸುವ ಚಿಂತನೆ ಥಿಯಾಸಫಿ. ಅದರ ಗಂಧವೇ ಇಲ್ಲದವರ ಕೈಗೆ ಮೊದಲು ಕೊಡಬೇಕಾದ್ದು ದಪ್ಪ ಗ್ರಂಥವಲ್ಲ, ಎ5 ಅಳತೆಯ 16 ಪುಟಗಳ ಕಿರುಹೊತ್ತಗೆ. 200 ಪ್ರತಿಗಳಿಂದ ಶುರು ಮಾಡುವ ಅಧ್ಯಯನ ಕೂಟಗಳಿಗೆ ಹಾಸನ ಬಸ್ ನಿಲ್ದಾಣದ ಆಸುಪಾಸಿನ ಡಿಜಿಟಲ್ ಪ್ರಿಂಟ್ ಅಂಗಡಿಯೊಂದರ ಸೇವೆ ಹೇಗಿದೆ ಎಂಬುದು ಇಲ್ಲಿನ ವಿಷಯ. ಅಚ್ಚು ಸ್ವಚ್ಛ, ಕೆಲಸ ಚುರುಕು. ಕನ್ನಡದ ಅಕ್ಷರಜೋಡಣೆಯನ್ನು ಮಾತ್ರ ಅವರಿಗೆ ಬಿಡಬೇಡಿ.

ಕಾರಣ ಇಷ್ಟೇ. ಅಂಗಡಿಯ ಡಿಟಿಪಿ, ಅಂದರೆ ಕಂಪ್ಯೂಟರಿನ ಅಕ್ಷರಜೋಡಣೆ, ಇನ್ನೂ ಯೂನಿಕೋಡ್ ಅಲ್ಲದ ಹಳೆಯ ‘ನುಡಿ’ ಎಂಬ ಫಾಂಟಿನಲ್ಲಿದೆ. ಅದರಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ. ಇಂದಿನ ಫೋನು, ಕಂಪ್ಯೂಟರುಗಳು ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತನೆ ಕೈಕೊಟ್ಟರೆ ‘ಧರ್ಮ’ ‘ಧಮರ್’ ಆಗುತ್ತದೆ, ‘ಕರ್ಮ’ ‘ಕಮರ್’ ಆಗುತ್ತದೆ. ಬೇರೆ ಪುಸ್ತಕದಲ್ಲಾದರೆ ಅಲ್ಲೊಂದು ಇಲ್ಲೊಂದು ತಪ್ಪು. ಥಿಯಾಸಫಿಯಲ್ಲಿ ಈ ಎರಡು ಪದಗಳಿಲ್ಲದ ಪುಟವೇ ಅಪರೂಪ. ‘ಸತ್ಯಕ್ಕಿಂತ ಮಿಗಿಲಾದ ಧರ್ಮವಿಲ್ಲ’ ಎಂಬ ಥಿಯಾಸಫಿಕಲ್ ಸೊಸೈಟಿಯ ಧ್ಯೇಯವಾಕ್ಯವೇ ರಕ್ಷಾಪುಟದಲ್ಲಿ ಕೆಟ್ಟರೆ ಒಳಗಿನದನ್ನು ಯಾರು ಓದುತ್ತಾರೆ? ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಫಾಂಟ್ ಅಡಕವಾಗಿರುವ ಪಿಡಿಎಫ್ ಒಯ್ಯಿರಿ. ಅಕ್ಷರ 12 ಪಾಯಿಂಟ್, ಸಾಲಿನ ಅಂತರ 18. ಅದಕ್ಕಿಂತ ಬಿಗಿಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

16 ಪುಟಕ್ಕೆ ಬೇಕಾದ್ದು ಎ4ರ 4 ಹಾಳೆ, ಎರಡೂ ಬದಿ ಸೇರಿ 8 ಇಂಪ್ರೆಷನ್ (ಒಂದು ಬದಿಯ ಅಚ್ಚಿಗೆ ಒಂದು). ಬಿಲ್ಲನ್ನು ಆ 8ರ ಲೆಕ್ಕದಲ್ಲೇ ಮಾಡಿಸಿ. ಇಲ್ಲಿ ಮೊದಲು 16 ಎಂದೇ ಬರೆಯುತ್ತಾರೆ, ಕೇಳಿದರೆ ತಿದ್ದುತ್ತಾರೆ. ಹಾಳೆ ತಿರುಗುವುದು ಚಿಕ್ಕ ಅಂಚಿನ ಮೇಲೆ ಇರಲಿ, ಇಲ್ಲದಿದ್ದರೆ ಹಿಂಬದಿಯ ಪುಟಗಳು ತಲೆಕೆಳಗು. ಒಂದೇ ಒಂದು ಪ್ರತಿ ತೆಗೆಸಿ, ಮಡಿಸಿ, ಪುಟಸಂಖ್ಯೆ ನೋಡಿದ ಮೇಲೆಯೇ ಉಳಿದದ್ದಕ್ಕೆ ಒಪ್ಪಿಗೆ ಕೊಡಿ.

ಒಳಪುಟಕ್ಕೆ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ನ್ಯಾಚುರಲ್ ಶೇಡ್, ಅಂದರೆ ತುಸು ಹಳದಿ ಛಾಯೆಯ ಕಾಗದ ಕೇಳಿ. 70ರಲ್ಲಿ ಹಿಂದಿನ ಅಕ್ಷರ ಇಣುಕುತ್ತದೆ. ರಕ್ಷಾಪುಟಕ್ಕೆ 250 ಜಿಎಸ್‌ಎಂ ಹಾಕಿಸುವುದಾದರೆ ಮೊದಲು ಕ್ರೀಸಿಂಗ್, ಅಂದರೆ ಮಡಿಸುವ ಜಾಗದಲ್ಲಿ ಒತ್ತುಗೆರೆ, ಮಾಡಿಸಬೇಕು. ಡಿಜಿಟಲ್ ಅಚ್ಚಿನ ಪುಡಿಶಾಯಿಯಾದ ಟೋನರ್ ಕಾಗದದೊಳಕ್ಕೆ ಇಂಗದೆ ಮೇಲೇ ಕೂರುವುದರಿಂದ ಮಡಿಕೆಯಲ್ಲಿ ಬಿರಿದು ಉದುರುತ್ತದೆ. ಬೆನ್ನಿನ ಭಾಗಕ್ಕೆ ಗಾಢ ಬಣ್ಣ ಬೇಡ. ಪಿನ್ನು ಎರಡು, ತುದಿಯಿಂದ ಸುಮಾರು 5 ಸೆಂ.ಮೀ. ಒಳಗೆ. ಪಿನ್ ಹಾಕಿದ ಮೇಲೆ ಹೊರ ಅಂಚನ್ನು 2–3 ಮಿ.ಮೀ. ಕತ್ತರಿಸುತ್ತಾರೆ, ಹಾಗಾಗಿ 12 ಮಿ.ಮೀ. ಅಂಚು ಬಿಟ್ಟಿರಿ. ಈ ಕತ್ತರಿಸುವ ಕೆಲಸದಲ್ಲಿ ಅಂಗಡಿಯವರ ಕೈ ಬಹಳ ಚೊಕ್ಕ, ಮೆಚ್ಚಲೇಬೇಕು.

ಒಳಗೆ ಏನಿರಬೇಕು? ಮೂಲ ಜನಾಂಗಗಳು, ಸೂಕ್ಷ್ಮಲೋಕ ಎಂಬ ಥಿಯಾಸಫಿಯ ಗೂಢ ವಿಷಯಗಳನ್ನು ಮೊದಲೇ ತಂದರೆ ಆತ್ಮಗಳನ್ನು ಕರೆಯುವ ಪ್ಲಾಂಚೆಟ್ ಮಂಡಳಿ ಎಂದುಕೊಂಡು ಜನ ದೂರ ಸರಿಯುತ್ತಾರೆ. 1875ರಲ್ಲಿ ಹುಟ್ಟಿದ ಸೊಸೈಟಿಯ ಮೊದಲ ಉದ್ದೇಶವೇ ಜಾತಿ, ಮತ, ವರ್ಣ, ಲಿಂಗಭೇದವಿಲ್ಲದ ಭ್ರಾತೃತ್ವ. ಅಲ್ಲಿಂದಲೇ ಆರಂಭಿಸಿ. ಉದಾಹರಣೆಗೆ ಸೊಸೈಟಿಯ ಕೇಂದ್ರವಾದ ಚೆನ್ನೈನ ಅಡ್ಯಾರಿನವರೆಗೂ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲೇ ವಿಜಯನಗರದ ಬುಕ್ಕರಾಯನ 1368ರ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಬಂದ ವ್ಯಾಜ್ಯದಲ್ಲಿ ರಾಜ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದ. ಹಾಸನದ ಓದುಗರಿಗೆ ಇದು ಒಡನೆ ಮನಸ್ಸಿಗೆ ಹತ್ತುತ್ತದೆ. ಸೊಸೈಟಿ ಯಾವ ನಂಬಿಕೆಯನ್ನೂ ಸದಸ್ಯರ ಮೇಲೆ ಹೇರುವುದಿಲ್ಲ ಎಂಬ ಮಾತು ಹಿಂಬದಿಯ ರಕ್ಷಾಪುಟದಲ್ಲಿ ದಪ್ಪಕ್ಷರದಲ್ಲಿರಲಿ.

ಸೊಸೈಟಿಯ ಸ್ಥಾಪಕರಲ್ಲೊಬ್ಬರಾದ ಬ್ಲಾವಟ್ಸ್ಕಿ ತೀರಿಕೊಂಡದ್ದು 1891ರಲ್ಲಿ, ಮುಂದೆ ಅದರ ಅಧ್ಯಕ್ಷೆಯಾದ ಆ್ಯನಿ ಬೆಸೆಂಟ್ 1933ರಲ್ಲಿ. ಅವರ ಇಂಗ್ಲಿಷ್ ಮೂಲಕ್ಕೆ ನಮ್ಮಲ್ಲಿ ಕೃತಿಸ್ವಾಮ್ಯ ಮುಗಿದಿದೆ, ಆದರೆ ಕನ್ನಡ ಅನುವಾದದ ಹಕ್ಕು ಅನುವಾದಕರದು. ಕೇಳದೆ ಎತ್ತಿ ಹಾಕಬೇಡಿ.

ಹಾಸನಾಂಬೆ ದರ್ಶನದ ಸಾಲಿನಲ್ಲಿ ಹಂಚಿದರೆ ಅರ್ಧ ನೆಲಕ್ಕೆ ಬೀಳುತ್ತದೆ. ಗ್ರಂಥಾಲಯದ ಮೇಜಿನ ಮೇಲೆ, ಅನುಮತಿ ಪಡೆದು, ನಾಲ್ಕೈದು ಇಟ್ಟರೆ ಓದುವವರೇ ಒಯ್ಯುತ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆಗೆ ಮಳೆಗಾಲದಲ್ಲಿ ಕಳಿಸುವುದಾದರೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ; ತೇವಕ್ಕೆ ಹಾಳೆ ಸುರುಳಿ ಸುತ್ತುತ್ತದೆ.

500 ಪ್ರತಿ ದಾಟಿದರೆ ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಅಗ್ಗ, ಈ ಅಂಗಡಿ ಬೇಡ. ಬ್ಲಾವಟ್ಸ್ಕಿಯನ್ನು ನೆನೆಯುವ ಮೇ 8ರ ಶ್ವೇತಕಮಲ ದಿನಕ್ಕೆ ಬೇಕಿದ್ದರೆ ಮದುವೆ ಪತ್ರಿಕೆಗಳ ರಾಶಿಗೆ ಮುಂಚೆ, ಏಪ್ರಿಲ್ ಮೊದಲ ವಾರವೇ ಫೈಲ್ ಕೊಡಿ. ನವೆಂಬರ್ 17ರ ಸಂಸ್ಥಾಪನಾ ದಿನಕ್ಕಾದರೆ ರಾಜ್ಯೋತ್ಸವದ ಕರಪತ್ರಗಳ ಗಡಿಬಿಡಿ ಇರುತ್ತದೆ, ಅಕ್ಟೋಬರಿನಲ್ಲೇ ಮುಗಿಸಿಕೊಳ್ಳಿ.